ಮುಟ್ಟಿ ಕೇಳಿದ ಎಡಿಸನ್

ಅಮೆರಿಕ ಸಂಯುಕ್ತ ಸಂಸ್ಥಾನದ ಓಹಾಯೋ ಪ್ರಾಂತದಲ್ಲಿ ಮಿಲಾನ್ ಎಂಬ ಸಣ್ಣ ಊರಿದೆ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಸುತ್ತಣ ಹಳ್ಳಿಗಳ ಗೋಧಿಯೆಲ್ಲ ಬಂಡಿಗಳಲ್ಲಿ ಬಂದು ಅಲ್ಲಿಯ ಕಾಲುವೆಯ ದಂಡೆಯಲ್ಲಿ ರಾಶಿ ಬೀಳುತ್ತಿತ್ತು. ಈ ಊರಿನಲ್ಲಿ 1847ನೆಯ ಇಸವಿ ಫೆಬ್ರವರಿ 11ರಂದು ಸ್ಯಾಮ್ಯುಯೆಲ್ ಮತ್ತು ನ್ಯಾನ್ಸಿ ಎಂಬ ದಂಪತಿಗಳ ಏಳನೆಯ ಹಾಗೂ ಕೊನೆಯ ಮಗುವಾಗಿ ಥಾಮಸ್ ಆಲ್ವಾ ಎಡಿಸನ್ ಜನಿಸಿದನು. ವಿದ್ಯುದ್ದೀಪ, ಧ್ವನಿಮುದ್ರಣ ಯಂತ್ರ, ಚಲನಚಿತ್ರ ಇವುಗಳೊಡನೆ ಅವನ ಹೆಸರನ್ನು ನಾವು ಚಿಕ್ಕಂದಿನಿಂದಲೂ ಕೇಳಿದ್ದೇವೆ. ಅವನ ಬಾಳಿನುದ್ದಕ್ಕೂ ಬೇರೆ ಮೂರು ಸಂಗತಿಗಳು ಒಂದನ್ನೊಂದು ಹೆಣೆದುಕೊಂಡು ಬಂದುವೆಂಬುದನ್ನು ಬಲ್ಲವರು ಕಡಿಮೆ. ಅವು ಬೆಂಕಿ, ಕಿವುಡುತನ ಮತ್ತು ನಿದ್ರೆ.

ಬೆಂಕಿಯೊಡನೆ ಅವನ ಪರಿಚಯ ಬಹು ಬೇಗನೆ ಆಯಿತು. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ವಯಸ್ಸಿನಲ್ಲಿ ಬಾಲಕನು ತಂದೆಯ ಕಣಜದ ಕೊಟ್ಟಿಗೆಯೊಳಗೆ ಕಿಡಿ ಹೊತ್ತಿಸಿದನು. ಬೆಂಕಿ ಏನು ಮಾಡುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕೆಂಬ ಕುತೂಹಲವೇ ಅದಕ್ಕೆ ಕಾರಣ. ಕೊಟ್ಟಿಗೆ ಸುಟ್ಟು ಬೂದಿಯಾಯಿತು. ತಂದೆಯು ಊರ ಚೌಕದಲ್ಲಿ ಎಲ್ಲರೆದುರಿಗೆ ಅವನನ್ನು ನಿಲ್ಲಿಸಿ ಬೆತ್ತದಿಂದ ಹೊಡೆದನು. ಈ ಪ್ರಸಂಗವನ್ನು ಎಡಿಸನ್ನನೇ ಮುಂದೆ ತನ್ನ ಮುಪ್ಪಿನಲ್ಲಿ ಯಾವ ಸಂಕೋಚವೂ ಇಲ್ಲದೆ ಹೇಳಿಕೊಳ್ಳುತ್ತಿದ್ದನು.

1854ರಲ್ಲಿ ಕುಟುಂಬವು ಮಿಷಿಗನ್ ಪ್ರಾಂತದ ಪೋರ್ಟ್ ಹ್ಯೂರನ್ ಎಂಬಲ್ಲಿಗೆ ಹೋಗಿ ನೆಲೆಸಿತು. ಬಾಲ್ಯದಲ್ಲಿ ಅವನಿಗೆ ಕೆಂಪು ಜ್ವರ ಬಂದಿತ್ತು. ಕಿವಿಯ ಸೋಂಕೂ ಆಗಾಗ ಕಾಡುತ್ತಿತ್ತು. ಶಾಲೆಗೆ ಅವನು ಹೋದದ್ದು ಕೆಲವೇ ತಿಂಗಳು. ಉಪಾಧ್ಯಾಯರಿಗೆ ಅವನು ಮಂದಬುದ್ಧಿಯವನಾಗಿ ತೋರಿದನು. ಹಿಂದೆ ಸ್ವತಃ ಉಪಾಧ್ಯಾಯಿನಿಯಾಗಿದ್ದ ತಾಯಿ ಅವನನ್ನು ಶಾಲೆ ಬಿಡಿಸಿ ಮನೆಯಲ್ಲಿಯೇ ಪಾಠ ಹೇಳಿದಳು. ಮನೆಯ ನೆಲಮಾಳಿಗೆಯಲ್ಲಿ ಬಾಟಲಿಗಳ ಸಾಲು ಬೆಳೆಯಿತು. ಅದೇ ಅವನ ಮೊದಲ ಪ್ರಯೋಗಶಾಲೆ.

ಹನ್ನೆರಡನೆಯ ವಯಸ್ಸಿನಲ್ಲಿ, ಎಂದರೆ 1859ರಲ್ಲಿ, ಅವನು ಪೋರ್ಟ್ ಹ್ಯೂರನ್ನಿನಿಂದ ಡೆಟ್ರಾಯಿಟ್ ನಗರಕ್ಕೆ ಹೋಗಿಬರುವ ರೈಲುಗಾಡಿಯಲ್ಲಿ ವೃತ್ತಪತ್ರಿಕೆ, ಹಣ್ಣು, ಮಿಠಾಯಿಗಳನ್ನು ಮಾರುವ ಕೆಲಸ ಹಿಡಿದನು. ಗಾಡಿ ಡೆಟ್ರಾಯಿಟಿನಲ್ಲಿ ನಿಂತಿರುವ ದೀರ್ಘಕಾಲವನ್ನು ವ್ಯರ್ಥಮಾಡಬಾರದೆಂದು ಸಾಮಾನಿನ ಬೋಗಿಯ ಒಂದು ಮೂಲೆಗೆ ತನ್ನ ಬಾಟಲಿಗಳನ್ನೆಲ್ಲ ಸಾಗಿಸಿದನು. ಒಂದು ದಿನ ಗಾಡಿ ಕುಲುಕಿದಾಗ ರಂಜಕದ ತುಂಡೊಂದು ಕೆಳಗೆ ಬಿದ್ದು ಬೋಗಿಗೆ ಬೆಂಕಿ ಹತ್ತಿತು. ಗಾರ್ಡು ಬೆಂಕಿಯನ್ನು ನಂದಿಸಿ, ಮುಂದಿನ ನಿಲ್ದಾಣದಲ್ಲಿ ಬಾಲಕನನ್ನೂ ಅವನ ಪ್ರಯೋಗಶಾಲೆಯನ್ನೂ ಒಟ್ಟಿಗೆ ಹೊರಕ್ಕೆ ಎಸೆದನು.

ಆ ಗಾರ್ಡು ಕಪಾಳಕ್ಕೆ ಹೊಡೆದ ಏಟಿನಿಂದಲೇ ಎಡಿಸನ್ ಕಿವುಡನಾದನೆಂಬ ಕಥೆ ಲೋಕದಲ್ಲೆಲ್ಲ ಹರಡಿದೆ. ಸ್ವತಃ ಎಡಿಸನ್ ಇನ್ನೊಂದು ಕಾರಣವನ್ನು ಹೇಳುತ್ತಿದ್ದನು. ಹೊರಟಿದ್ದ ಗಾಡಿಯನ್ನು ಹತ್ತಲು ಓಡಿಬಂದ ಅವನನ್ನು ಗಾರ್ಡೊಬ್ಬನು ಕಿವಿಗಳನ್ನು ಹಿಡಿದು ಮೇಲಕ್ಕೆತ್ತಿದನಂತೆ; ಆಗ ತಲೆಯೊಳಗೆ ಏನೋ ಟಕ್ಕೆಂದಿತಂತೆ. ಈ ಎರಡು ಕಥೆಗಳಿಗಿಂತ ಬಾಲ್ಯದ ಜ್ವರ ಮತ್ತು ಕಿವಿಯ ಸೋಂಕುಗಳೇ ನಿಜವಾದ ಕಾರಣವಾಗಿರಬಹುದೆಂದು ಬಲ್ಲವರು ಊಹಿಸುತ್ತಾರೆ. ಕಾರಣ ಯಾವುದೇ ಇರಲಿ, ಹನ್ನೆರಡನೆಯ ವಯಸ್ಸಿನಿಂದೀಚೆಗೆ ತಾನು ಒಂದು ಹಕ್ಕಿಯ ಹಾಡನ್ನೂ ಕೇಳಿಲ್ಲವೆಂದು ಅವನು ಬರೆದಿಟ್ಟನು. ಅವನು ಪೂರ್ಣ ಕಿವುಡನಲ್ಲ. ಹತ್ತಿರದಿಂದ ಗಟ್ಟಿಯಾಗಿ ಹೇಳಿದ ಮಾತು ಅವನಿಗೆ ಕೇಳುತ್ತಿತ್ತು. ಹಕ್ಕಿಯ ದನಿಯಂಥ ಎತ್ತರದ, ತೆಳುವಾದ ನಾದ ಕೇಳುತ್ತಿರಲಿಲ್ಲ. ಈ ಸಣ್ಣ ವಿವರವನ್ನು ನಾವು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

1862ರಲ್ಲಿ ಮೌಂಟ್ ಕ್ಲೆಮೆನ್ಸ್ ನಿಲ್ದಾಣದಲ್ಲಿ ಹಳಿಗಳ ಮೇಲೆ ಆಡುತ್ತಿದ್ದ ಸ್ಟೇಷನ್ ಮಾಸ್ತರನ ಪುಟ್ಟ ಮಗನ ಕಡೆಗೆ ಒಂದು ಬೋಗಿ ಉರುಳಿಬರುತ್ತಿತ್ತು. ಎಡಿಸನ್ ಓಡಿಹೋಗಿ ಮಗುವನ್ನು ಎತ್ತಿಕೊಂಡನು. ಕೃತಜ್ಞನಾದ ತಂದೆಯು ಅವನಿಗೆ ತಂತಿಯ ಮೂಲಕ ಸುದ್ದಿ ಕಳುಹಿಸುವ ವಿದ್ಯೆಯನ್ನು ಕಲಿಸಿಕೊಟ್ಟನು. ಕಿವಿ ಮಂದವಾದವನಿಗೆ, ಬರಿಯ ಸದ್ದನ್ನೇ ನಂಬಿದ ಈ ವೃತ್ತಿ ಹೇಗೆ ಒಗ್ಗಿತು ಎಂದು ಆಶ್ಚರ್ಯವಾಗಬಹುದು. ತಂತಿಯ ಉಪಕರಣವು ಮೇಜಿನ ಮೇಲೆ ಟಕ್ ಟಕ್ ಎಂದು ಲೋಹದಿಂದ ಲೋಹಕ್ಕೆ ಬಡಿಯುತ್ತದೆ. ತನ್ನ ಮುಂದಿರುವ ಉಪಕರಣದ ಬಡಿತ ಎಡಿಸನ್ನನಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಪಕ್ಕದ ಮೇಜುಗಳ ಗದ್ದಲ ಮಾತ್ರ ತಿಳಿಯುತ್ತಿರಲಿಲ್ಲ. ಉಳಿದವರಿಗೆ ಕಿರಿಕಿರಿಯಾದದ್ದು ಅವನಿಗೆ ಬಾಧಿಸಲೇ ಇಲ್ಲ. ಕಿವುಡುತನವು ಈ ವೃತ್ತಿಯಲ್ಲಿ ತನಗೆ ಅನುಕೂಲವೇ ಆಯಿತೆಂದು ಅವನು ಭಾವಿಸಿದ್ದನು.

ನಿದ್ರೆಯ ಪ್ರಸಂಗವು ಬರುವುದು ಇಲ್ಲಿ. ಹದಿನಾರು ಹದಿನೇಳರ ಪ್ರಾಯದಲ್ಲಿ ಅವನು ಕೆನಡಾ ದೇಶದ ಸ್ಟ್ರಾಟ್‌ಫರ್ಡ್ ಜಂಕ್ಷನ್ನಿನಲ್ಲಿ ರಾತ್ರಿಪಾಳಿಯ ತಂತಿ ಕೆಲಸಕ್ಕೆ ಸೇರಿದನು. ಹಗಲೆಲ್ಲ ಓದು, ಪ್ರಯೋಗ. ಹೀಗಾಗಿ ರಾತ್ರಿ ಕಣ್ಣೆಳೆಯುತ್ತಿತ್ತು. ರಾತ್ರಿಯ ನೌಕರರು ಎಚ್ಚರವಾಗಿದ್ದಾರೆಯೇ ಎಂಬುದನ್ನು ತಿಳಿಯಲು ರೈಲ್ವೆಯವರು ಒಂದು ಏರ್ಪಾಡು ಮಾಡಿದ್ದರು. ಪ್ರತಿಯೊಬ್ಬ ನೌಕರನೂ ಗಂಟೆಗೊಮ್ಮೆ ಆರು ಎಂಬ ಅಂಕಿಯನ್ನು ಸಂಕೇತದಲ್ಲಿ ಬಡಿದು ಕಳುಹಿಸಬೇಕು. ಎಡಿಸನ್ ಒಂದು ಚಕ್ರಕ್ಕೆ ಕಚ್ಚುಗಳನ್ನು ಕೊರೆದು ಅದನ್ನು ಗಡಿಯಾರಕ್ಕೆ ಜೋಡಿಸಿದನು. ಗಂಟೆ ತುಂಬಿದೊಡನೆ ಚಕ್ರ ತಿರುಗುವುದು. ಸಂಕೇತವು ತಾನಾಗಿಯೇ ಹೋಗುವುದು. ಎಡಿಸನ್ ಕುರ್ಚಿಯಲ್ಲಿ ಸುಖವಾಗಿ ನಿದ್ರಿಸುವನು. ಗಡಿಯಾರವು ಒಂದು ಕ್ಷಣವೂ ತಪ್ಪದ್ದರಿಂದ ಅವನ ಸಂಕೇತದಷ್ಟು ಕರಾರುವಾಕ್ಕಾದ ಸಂಕೇತ ಮತ್ತೆಲ್ಲಿಂದಲೂ ಬರುತ್ತಿರಲಿಲ್ಲ. ಆದರೆ ಸಂಕೇತ ಬಂದ ಮರುಕ್ಷಣವೇ ಆ ಕಚೇರಿಯನ್ನು ಕರೆದರೆ ಉತ್ತರವಿಲ್ಲ! ಮೇಲಧಿಕಾರಿಗೆ ಅನುಮಾನ ಹುಟ್ಟಿ ಗುಟ್ಟು ರಟ್ಟಾಯಿತು. ಎಡಿಸನ್ ಬೈಗುಳ ತಿಂದನು.

ಈ ಉಪಾಯವನ್ನು ಅವನ ಬುದ್ಧಿಶಕ್ತಿಯ ಮೊದಲ ಕುರುಹೆಂದು ಮೆಚ್ಚಿ ಬರೆದವರೇ ಹೆಚ್ಚು. ಬುದ್ಧಿಯೇನೋ ಹೌದು. ಆದರೆ ಅದು ಕಾವಲಿನ ಏರ್ಪಾಡನ್ನೇ ಪೊಳ್ಳು ಮಾಡಿತೆಂಬುದನ್ನೂ ಹೇಳಬೇಕು. ಯಂತ್ರವು ತನ್ನ ಕೆಲಸವನ್ನು ಚಾಚೂತಪ್ಪದೆ ಮಾಡಿತು. ಮನುಷ್ಯನು ಮಾತ್ರ ಎಚ್ಚರವಾಗಿರಲಿಲ್ಲ. ಸಂಕೇತ ಹೋಯಿತೆಂಬುದೂ ಮನುಷ್ಯ ಎಚ್ಚತ್ತಿದ್ದಾನೆಂಬುದೂ ಒಂದೇ ಅಲ್ಲ. ಇದರ ಬೆಲೆ ಎಷ್ಟೆಂಬುದು ಅದೇ ನಿಲ್ದಾಣದಲ್ಲಿ ಬಹುಬೇಗ ತಿಳಿಯಿತು. ಒಂದು ರಾತ್ರಿ ಸರಕಿನ ಗಾಡಿಯೊಂದನ್ನು ತಡೆದು ನಿಲ್ಲಿಸಬೇಕೆಂದು ಆಜ್ಞೆ ಬಂದಿತು. ಎಡಿಸನ್ ಅದನ್ನು ನಿಲ್ಲಿಸಲು ಹೊರಗೆ ಓಡುವಷ್ಟರಲ್ಲಿ ಗಾಡಿ ದಾಟಿಹೋಗಿತ್ತು. ಎದುರಿನಿಂದ ಮತ್ತೊಂದು ಗಾಡಿ ಬರುತ್ತಿತ್ತು. ದಾರಿ ನೇರವಾಗಿದ್ದುದರಿಂದ ಚಾಲಕರು ದೂರದಿಂದಲೇ ಒಬ್ಬರನ್ನೊಬ್ಬರು ಕಂಡು ಗಾಡಿಗಳನ್ನು ನಿಲ್ಲಿಸಿದರು, ದುರಂತ ತಪ್ಪಿತು. ವಿಚಾರಣೆಗೆಂದು ಕರೆಸಿದಾಗ, ಸೆರೆಮನೆಯ ಭಯದಿಂದ ಹುಡುಗನು ಗಡಿ ದಾಟಿ ಮನೆಗೆ ಓಡಿಬಂದನು.

ಆ ಬಳಿಕ ನಾಲ್ಕೈದು ವರ್ಷ ಅವನು ಊರಿಂದೂರಿಗೆ ಅಲೆಯುತ್ತ ತಂತಿ ಕಚೇರಿಗಳಲ್ಲಿ ದುಡಿದು, 1868ರಲ್ಲಿ ಬಾಸ್ಟನ್ ನಗರಕ್ಕೆ ಬಂದನು. ಬೆಂಕಿಯ ಸುದ್ದಿಯನ್ನು ತಂತಿಯ ಮೂಲಕ ತಿಳಿಸುವ ವ್ಯವಸ್ಥೆ ಜಗತ್ತಿನಲ್ಲಿ ಮೊತ್ತಮೊದಲು ಸ್ಥಾಪನೆಯಾದ ನಗರವದು. ವಿಲಿಯಂ ಚಾನಿಂಗ್ ಎಂಬ ವೈದ್ಯನೂ ಮೋಸೆಸ್ ಫಾರ್ಮರ್ ಎಂಬ ಯಂತ್ರಜ್ಞನೂ ಕೂಡಿ ಅದನ್ನು ರೂಪಿಸಿದ್ದರು. 1852ರಲ್ಲಿ ಅದು ಕೆಲಸ ಆರಂಭಿಸಿತ್ತು. ಬೀದಿಬೀದಿಗಳಲ್ಲಿ ಕಬ್ಬಿಣದ ಪೆಟ್ಟಿಗೆಗಳು. ಬೆಂಕಿ ಕಂಡವನು ಪೆಟ್ಟಿಗೆಯ ಹಿಡಿಯನ್ನು ತಿರುಗಿಸಿದರೆ ಆ ಪೆಟ್ಟಿಗೆಯ ಸಂಖ್ಯೆಯು ತಂತಿಯಲ್ಲಿ ಕೇಂದ್ರ ಕಚೇರಿಗೆ ತಲುಪುತ್ತಿತ್ತು. ಅಲ್ಲಿಂದ ನಗರದ ದೊಡ್ಡ ಗಂಟೆಗಳು ಮೊಳಗುತ್ತಿದ್ದುವು. ಅದಕ್ಕೆ ಮುಂಚೆ ಬೆಂಕಿ ಎಲ್ಲಿ ಬಿದ್ದಿದೆಯೆಂದು ತಿಳಿಯದೆ ಬೆಂಕಿ ಆರಿಸುವವರು ಬೀದಿಗಳಲ್ಲಿ ತಡಕಾಡುತ್ತಿದ್ದರು. ಎಡಿಸನ್ನನ ಮೊದಲ ಸ್ವಾಮ್ಯಪತ್ರವು ಬಾಸ್ಟನ್ನಿನಲ್ಲಿ ಮಾಡಿದ ಮತ ಎಣಿಸುವ ಯಂತ್ರಕ್ಕೆ 1869ರ ಜೂನ್ 1ರಂದು ದೊರೆಯಿತು. ಅದನ್ನು ಕೊಳ್ಳುವವರೇ ಇರಲಿಲ್ಲ. ಆಮೇಲೆ ನೂವರ್ಕಿನಲ್ಲಿ ಕಾರ್ಖಾನೆ ತೆರೆದು, 1874ರಲ್ಲಿ ಕೆಲವು ಸಂಗಡಿಗರೊಡನೆ ಮನೆಬಳಕೆಯ ತಂತಿ ಸಂಸ್ಥೆಯೊಂದನ್ನು ಕಟ್ಟಿದನು. ಮನೆಯಲ್ಲಿ ಕುಳಿತೇ ಆಳನ್ನೋ ಪೊಲೀಸಿನವರನ್ನೋ ಬೆಂಕಿ ಆರಿಸುವವರನ್ನೋ ತಂತಿಯ ಮೂಲಕ ಕರೆಸಿಕೊಳ್ಳುವುದೇ ಅದರ ಉದ್ದೇಶ. ಎಚ್ಚರವಾಗಿರುವವನು ಇತರರನ್ನು ಕರೆಯುವುದಕ್ಕೆ ಈ ಏರ್ಪಾಡುಗಳೆಲ್ಲ ಚೆನ್ನಾಗಿದ್ದುವು. ಮಲಗಿರುವವನನ್ನು ಯಾರು ಕರೆಯಬೇಕು?

1876ರಲ್ಲಿ ಎಡಿಸನ್ ನ್ಯೂಜೆರ್ಸಿಯ ಮೆನ್ಲೋ ಪಾರ್ಕ್ ಎಂಬ ಹಳ್ಳಿಯಲ್ಲಿ ದೊಡ್ಡ ಪ್ರಯೋಗಶಾಲೆಯನ್ನು ಕಟ್ಟಿದನು. ಮುಂದಿನ ಕೆಲವು ವರ್ಷಗಳ ಸಾಧನೆ ಎಲ್ಲರಿಗೂ ತಿಳಿದದ್ದೇ. 1879ರ ಅಕ್ಟೋಬರಿನಲ್ಲಿ ಇಂಗಾಲದ ಎಳೆಯ ದೀಪ ಬೆಳಗಿತು. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಬೀದಿಯ ವಿದ್ಯುದಾಗಾರದಿಂದ ಮನೆಗಳಿಗೆ ಬೆಳಕು ಹರಿಯಿತು. ಈ ದೀಪದ ಕಥೆಗಿಂತ ಧ್ವನಿಯ ಕಥೆ ನಮಗೆ ಇಲ್ಲಿ ಹೆಚ್ಚು ಮುಖ್ಯ. ಬೆಲ್ ಮಹಾಶಯನ ದೂರವಾಣಿಯಲ್ಲಿ ದನಿ ತೀರ ಕ್ಷೀಣವಾಗಿ ಕೇಳುತ್ತಿತ್ತು. ಒಳ್ಳೆಯ ಕಿವಿಯುಳ್ಳವರು ಅದನ್ನು ಹೇಗೋ ಸಹಿಸಿಕೊಂಡರು. ಎಡಿಸನ್ನನಿಗೆ ಅದು ಕೇಳಿಸಲೇ ಇಲ್ಲ. ತನಗೆ ಕೇಳಿಸುವಷ್ಟು ಬಲವಾದ ದನಿ ಬೇಕೆಂದು ಪಟ್ಟುಹಿಡಿದು ಅವನು 1877ರಲ್ಲಿ ಇಂಗಾಲದ ಗುಂಡಿಯನ್ನುಳ್ಳ ಪ್ರೇಷಕವನ್ನು ರಚಿಸಿದನು. ಮುಂದೆ ನೂರು ವರ್ಷಗಳ ಕಾಲ ದೂರವಾಣಿಗಳು ಈ ತತ್ತ್ವವನ್ನೇ ನೆಚ್ಚಿಕೊಂಡಿದ್ದುವು.

ಈ ಕೆಲಸದ ನಡುವೆ ಒಂದು ದಿನ ಅವನು ದೂರವಾಣಿಯ ಬಾಯಿಗೆ ಮುಖವಿಟ್ಟು ಹಾಡುತ್ತಿದ್ದನು. ದನಿಗೆ ಕಂಪಿಸುವ ತೆಳುತಗಡಿಗೆ ಒಂದು ಉಕ್ಕಿನ ಮೊನೆಯನ್ನು ಜೋಡಿಸಿತ್ತು. ಆ ಮೊನೆ ಅವನ ಬೆರಳನ್ನು ಚುಚ್ಚಿತು. ದನಿಯು ಬೆರಳನ್ನು ಚುಚ್ಚಬಲ್ಲದಾದರೆ ಮೆದುವಾದ ವಸ್ತುವಿನ ಮೇಲೆ ಗೆರೆಯನ್ನೂ ಮೂಡಿಸಬಲ್ಲದು; ಆ ಗೆರೆಯ ಮೇಲೆ ಮೊನೆ ಮತ್ತೆ ಹರಿದರೆ ದನಿಯೂ ಮರಳಿ ಹುಟ್ಟಬೇಕು. ಹೀಗೆ ಹುಟ್ಟಿದ್ದು ಫೋನೋಗ್ರಾಫ್. ಅದೇ ವರ್ಷದ ಕೊನೆಯಲ್ಲಿ, ಉರುಳೆಗೆ ಸುತ್ತಿದ ತವರದ ಹಾಳೆಯಿಂದ ಮನುಷ್ಯನ ದನಿ ಕೇಳಿಬಂದಿತು. ಚಿಕ್ಕಂದಿನಿಂದ ಕಿವಿ ಮಂದವಾದವನು ಶಬ್ದವನ್ನು ಮೊದಲು ಬೆರಳ ತುದಿಯಲ್ಲಿ ಅರಿತದ್ದು ನನಗೇನೋ ಆಕಸ್ಮಿಕವೆನಿಸುವುದಿಲ್ಲ.

ಬೆರಳಾಯಿತು, ಇನ್ನು ಹಲ್ಲು. ಹಾಡುಗಳನ್ನು ಮುದ್ರಿಸುವ ಕಾಲದಲ್ಲಿ ಯಾವ ಹಾಡು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಎಡಿಸನ್ನನೇ ತೀರ್ಮಾನಿಸುತ್ತಿದ್ದನು. ಫೋನೋಗ್ರಾಫಿನ ಮರದ ಅಂಚನ್ನು ಹಲ್ಲುಗಳಿಂದ ಕಚ್ಚಿ ಹಿಡಿಯುವನು. ಮರದ ಕಂಪನವು ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಯೆಲುಬಿಗೆ, ಅಲ್ಲಿಂದ ಒಳಗಿವಿಗೆ ಮುಟ್ಟುವುದು. ಹೊರಗಿವಿ, ನಡುಗಿವಿಗಳ ಹಂಗಿಲ್ಲದೆ ನಾದವು ಒಳಗೆ ಸೇರುವ ಮಾರ್ಗವಿದು. ಪಿಯಾನೋವನ್ನೂ ಅವನು ಹೀಗೆಯೇ ಕೇಳುತ್ತಿದ್ದನು. ಅವನ ಹಲ್ಲಿನ ಗುರುತುಗಳು ಮರದ ಮೇಲೆ ಉಳಿದುವು.

ಮೆನ್ಲೋ ಪಾರ್ಕಿನಲ್ಲಿ ಹಗಲಿರುಳೆಂಬ ಭೇದವಿರಲಿಲ್ಲ. ದಣಿದವರು ಮೇಜಿನ ಮೇಲೆ, ಬೆಂಚಿನ ಮೇಲೆ, ಪುಸ್ತಕವನ್ನೇ ದಿಂಬು ಮಾಡಿಕೊಂಡು ಬಿದ್ದು ಮಲಗುತ್ತಿದ್ದರು. ಗೊರಕೆ ಹೊಡೆಯುವವರ ಕಿವಿಯ ಬಳಿ ತಿರುಗಿಸಲೆಂದು ಹುಡುಗರು ಸಾಬೂನಿನ ಪೆಟ್ಟಿಗೆಗೆ ಹಲ್ಲುಚಕ್ರವನ್ನೂ ಹಿಡಿಯನ್ನೂ ಕೂಡಿಸಿ ಕರಕರನೆ ಭಯಂಕರವಾಗಿ ಸದ್ದು ಮಾಡುವ ಯಂತ್ರವೊಂದನ್ನು ಮಾಡಿಕೊಂಡಿದ್ದರೆಂದು ಅಲ್ಲಿದ್ದವನೊಬ್ಬನು ಬರೆದಿದ್ದಾನೆ. ತಾನು ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ನಿದ್ರಿಸುವೆನೆಂದು ಎಡಿಸನ್ ಹೆಮ್ಮೆಪಡುತ್ತಿದ್ದನಾದರೂ, ಹಗಲಿನಲ್ಲಿ ಎಲ್ಲೆಂದರಲ್ಲಿ ಕಣ್ಣುಮುಚ್ಚಿ ಆ ಲೆಕ್ಕವನ್ನು ಸರಿದೂಗಿಸಿಕೊಳ್ಳುತ್ತಿದ್ದನು. ಸುತ್ತಲಿನ ಗದ್ದಲ ಅವನ ನಿದ್ರೆಯನ್ನು ಕೆಡಿಸುವಂತಿರಲಿಲ್ಲ.

ಮೊದಲ ಹೆಂಡತಿ ಮೇರಿ 1884ರಲ್ಲಿ ತೀರಿಕೊಂಡಳು. ಮೂವರು ಮಕ್ಕಳ ತಂದೆಯಾದ ಎಡಿಸನ್ 1886ರಲ್ಲಿ ಮಿನಾ ಮಿಲ್ಲರ್ ಎಂಬ ತರುಣಿಯನ್ನು ವಿವಾಹವಾದನು. ಆಕೆಗೆ ಅವನು ತಂತಿಯ ಸಂಕೇತಗಳನ್ನು ಕಲಿಸಿದ್ದನು. ತನ್ನನ್ನು ವಿವಾಹವಾಗುವೆಯಾ ಎಂಬ ಪ್ರಶ್ನೆಯನ್ನೂ ಆಕೆಯ ಅಂಗೈಯ ಮೇಲೆ ಬೆರಳಿನಿಂದ ತಟ್ಟಿಯೇ ಕೇಳಿದನು. ಉತ್ತರವೂ ಹಾಗೆಯೇ ಬಂದಿತು. ನಾಟಕಕ್ಕೆ ಹೋದಾಗ ಮಿನಾ ಪಕ್ಕದಲ್ಲಿ ಕುಳಿತು ಪಾತ್ರಗಳ ಮಾತನ್ನು ಅವನ ಮೊಣಕಾಲಿನ ಮೇಲೆ ತಟ್ಟಿ ತಿಳಿಸುವಳು. ಕಿವಿಗೆ ಮುಟ್ಟದ ಮಾತು ಹೀಗೆ ಚರ್ಮದ ಮೂಲಕ ಮುಟ್ಟಿತು. 1887ರಲ್ಲಿ ಅವನು ವೆಸ್ಟ್ ಆರೆಂಜ್ ಎಂಬಲ್ಲಿ ಇನ್ನೂ ದೊಡ್ಡ ಪ್ರಯೋಗಶಾಲೆಯನ್ನು ಕಟ್ಟಿದನು. ಅಲ್ಲಿಯ ಗ್ರಂಥಾಲಯದ ಒಂದು ಮೂಲೆಯಲ್ಲಿ ಗಂಡನಿಗೆಂದು ಮಂಚವೊಂದನ್ನು ಹಾಕಿಸಿದವಳೂ ಮಿನಾ.

ಈ ಕಾಲದಲ್ಲಿಯೇ ಅವನ ಶಿಷ್ಯವರ್ಗದಿಂದ ಒಂದು ಹೊಸ ಉಪಕರಣ ಬಂದಿತು. ಮೆನ್ಲೋ ಪಾರ್ಕಿನಲ್ಲಿ ದೀಪದ ಲೆಕ್ಕಾಚಾರಗಳನ್ನೆಲ್ಲ ಮಾಡಿಕೊಟ್ಟ ಗಣಿತಜ್ಞನು ಫ್ರಾನ್ಸಿಸ್ ಅಪ್ಟನ್. ಇವನು ಫರ್ನಾಂಡೋ ಡಿಬಲ್ ಎಂಬವನೊಡನೆ ಸೇರಿ, ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಹುದಾದ ವಿದ್ಯುತ್ ಅಗ್ನಿಸೂಚಕಕ್ಕೆ 1890ರ ಸೆಪ್ಟೆಂಬರ್ 23ರಂದು ಸ್ವಾಮ್ಯಪತ್ರ ಪಡೆದನು. ಅದರಲ್ಲಿ ಬ್ಯಾಟರಿ, ಗಂಟೆ, ಶಾಖಕ್ಕೆ ಸ್ಪಂದಿಸುವ ಸಾಧನ ಇವು ಒಟ್ಟಿಗಿದ್ದುವು. ಕೋಣೆಯ ಶಾಖ ಮಿತಿಮೀರಿದರೆ ವಿದ್ಯುನ್ಮಂಡಲ ಕೂಡಿಕೊಂಡು ಗಂಟೆ ತಾನಾಗಿ ಬಾರಿಸುವುದು. ಬೆಂಕಿಯನ್ನು ಕಂಡು ಹಿಡಿಯನ್ನು ತಿರುಗಿಸುವ ಮನುಷ್ಯನು ಇನ್ನು ಬೇಕಿರಲಿಲ್ಲ. ಮಲಗಿದವನನ್ನು ಕರೆಯುವ ಯಂತ್ರ ಕೊನೆಗೂ ಬಂದಿತು. ಆದರೆ ಅದು ಗಂಟೆಯ ದನಿಯಿಂದ ಕರೆಯುತ್ತಿತ್ತು! ಅಪ್ಟನ್ನನ ಗುರುವು ಪಕ್ಕದ ಕೋಣೆಯಲ್ಲಿ ಮಲಗಿದ್ದರೆ ಆ ಗಂಟೆ ಬಾರಿಸಿಯೂ ಬಾರಿಸದಂತೆಯೇ ಆಗುತ್ತಿತ್ತು. ಸ್ಟ್ರಾಟ್‌ಫರ್ಡಿನ ಗಡಿಯಾರದ ಹಾಗೆ ಯಂತ್ರ ತನ್ನ ಪಾಲಿನದನ್ನು ಮುಗಿಸುವುದು. ಮನುಷ್ಯನು ಮಲಗಿಯೇ ಇರುವನು.

ಬೆಂಕಿ ಅವನನ್ನು ಮತ್ತೊಮ್ಮೆ ಹುಡುಕಿಕೊಂಡು ಬಂದಿತು. 1914ರ ಡಿಸೆಂಬರ್ 9ರ ಸಂಜೆ ವೆಸ್ಟ್ ಆರೆಂಜಿನ ಕಾರ್ಖಾನೆಯಲ್ಲಿ ಚಲನಚಿತ್ರದ ಸುರುಳಿಗಳನ್ನು ಪರೀಕ್ಷಿಸುವ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಅಂದಿನ ಚಿತ್ರಸುರುಳಿಗಳು ನೈಟ್ರೋಸೆಲ್ಯುಲೋಸ್ ಎಂಬ ವಸ್ತುವಿನವು. ಕಿಡಿ ಸೋಕಿದರೆ ಭಗ್ಗನೆ ಉರಿಯುವಂಥವು. ಉರಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಾರಿತು. ಕಾಂಕ್ರೀಟಿನ ಕಟ್ಟಡಗಳಿಗೆ ಬೆಂಕಿಯ ಭಯವಿಲ್ಲವೆಂದು ಎಲ್ಲರೂ ನಂಬಿದ್ದರು. ಗೋಡೆಗಳು ಬಹಳಮಟ್ಟಿಗೆ ನಿಂತವು ನಿಜ. ಗೋಡೆಗಳ ಒಳಗೆ ಇದ್ದುದೆಲ್ಲ ಒಲೆಯೊಳಗಿನ ಸೌದೆಯಂತೆ ಉರಿದುಹೋಯಿತು. ಸುತ್ತಣ ಊರುಗಳ ಬೆಂಕಿ ಆರಿಸುವವರೆಲ್ಲ ಓಡಿಬಂದರು. ಒಬ್ಬ ಕೆಲಸಗಾರನು ಪ್ರಾಣ ಕಳೆದುಕೊಂಡನು.

ಅರುವತ್ತೇಳು ವರ್ಷದ ಎಡಿಸನ್ ಅಂಗಳದಲ್ಲಿ ನಿಂತು ರಾಸಾಯನಿಕಗಳಿಂದ ಬಣ್ಣ ಬಣ್ಣವಾಗಿ ಏಳುತ್ತಿದ್ದ ಜ್ವಾಲೆಗಳನ್ನು ನೋಡುತ್ತಿದ್ದನು. ಇಂಥ ಬೆಂಕಿಯನ್ನು ಮತ್ತೆ ನೋಡಲು ಸಿಗದೆಂದು, ತಾಯಿಯನ್ನೂ ಆಕೆಯ ಗೆಳತಿಯರನ್ನೂ ಕರೆತರಲು ಮಗ ಚಾರ್ಲ್ಸನನ್ನು ಅಟ್ಟಿದನೆಂದು ಆ ಮಗನೇ ಮುಂದೆ ನೆನೆದಿದ್ದಾನೆ. ತಂದೆಯ ಕೊಟ್ಟಿಗೆಗೆ ಕಿಡಿ ಹೊತ್ತಿಸಿದ ಬಾಲಕನು ಆ ಮುದುಕನಲ್ಲಿ ಇನ್ನೂ ಬದುಕಿದ್ದನೆಂದು ತೋರುತ್ತದೆ. ಮರುದಿನ ಬೆಳಗಾಗುತ್ತಲೇ ಅವಶೇಷಗಳನ್ನು ತೆಗೆದುಹಾಕುವ ಕೆಲಸ ಆರಂಭವಾಯಿತು. ಕೆಲವೇ ವಾರಗಳಲ್ಲಿ ಕಾರ್ಖಾನೆಯ ಕೆಲವು ವಿಭಾಗಗಳು ಮತ್ತೆ ನಡೆಯತೊಡಗಿದುವು.

ಆ ಬೆಂಕಿ ಹೊತ್ತಿದ್ದು ಜನರೆಲ್ಲ ಎಚ್ಚರವಾಗಿದ್ದ ಸಂಜೆಯ ವೇಳೆ. ನಡುರಾತ್ರಿಯಾಗಿದ್ದು, ಎಡಿಸನ್ ಗ್ರಂಥಾಲಯದ ಮಂಚದ ಮೇಲೆ ಒಬ್ಬನೇ ಮಲಗಿದ್ದು, ಹೊಗೆ ಬಾಗಿಲಿನ ಸಂದಿಯಿಂದ ಒಳಗೆ ಬರುತ್ತಿದ್ದರೆ? ನಿದ್ರೆಯಲ್ಲಿರುವವನನ್ನು ಹೊಗೆಯ ವಾಸನೆ ಎಬ್ಬಿಸುತ್ತದೆಂಬುದು ಹಲವರ ನಂಬಿಕೆ. ಅದನ್ನು ನಂಬುವಂತಿಲ್ಲ. ನಿದ್ರೆಯಲ್ಲಿ ಮೂಗು ಚುರುಕಾಗಿರುವುದಿಲ್ಲ. ಹೊಗೆಯೊಳಗಿನ ವಿಷವಾಯುವು ನಿದ್ರೆಯನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತದೆ. ಅವನಂಥವರ ಮಲಗುವ ಕೋಣೆಗೆ ಇಂದು ಎಂಥ ಅಗ್ನಿಸೂಚಕವನ್ನು ಆರಿಸಬೇಕೆಂದು ಯೋಚಿಸಿದರೆ, ಅವನ ಬಾಳಿನ ಅನುಭವವೇ ಅರ್ಧ ಉತ್ತರವನ್ನು ಕೊಡುತ್ತದೆ.

ಕಳೆದ ಶತಮಾನದ ಎಪ್ಪತ್ತರ ದಶಕದಿಂದೀಚೆಗೆ ಅಮೆರಿಕದ ಮನೆಗಳಲ್ಲಿ ಹೊಗೆಸೂಚಕಗಳು ಬಳಕೆಗೆ ಬಂದುವು. ಇವುಗಳಲ್ಲಿ ಸಾಮಾನ್ಯವಾದವು ಸೆಕೆಂಡಿಗೆ ಸುಮಾರು 3000 ಕಂಪನಗಳ ಕೀರಲು ದನಿ ಮಾಡುತ್ತವೆ. ಹಕ್ಕಿಗಳ ಹಾಡು ಬಹುಮಟ್ಟಿಗೆ ಈ ಎತ್ತರದಲ್ಲಿಯೇ ಇರುತ್ತದೆ. ಹಕ್ಕಿಯ ಹಾಡು ಕೇಳದ ಕಿವಿಗೆ ಈ ಸೂಚಕದ ಕರೆಯೂ ಕೇಳದು. ವಯಸ್ಸಾದಂತೆ ಬಹುಜನರಿಗೆ ಮೊದಲು ಕೇಳದಾಗುವುದು ಇಂಥ ಎತ್ತರದ ದನಿಯೇ. ತಮಗೆ ಕಿವಿ ಮಂದವೆಂಬುದನ್ನೇ ಅರಿಯದ ಅಜ್ಜ ಅಜ್ಜಿಯರು ಇಂಥ ಸೂಚಕವನ್ನು ನಂಬಿ ಮಲಗಿರುತ್ತಾರೆ. ಆಸ್ಟ್ರೇಲಿಯದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಸಂಶೋಧಕರು ಈ ಶತಮಾನದ ಮೊದಲ ದಶಕದಲ್ಲಿ ಕಿವಿ ಮಂದವಾದವರನ್ನು ಮಲಗಿಸಿ, ಬೇರೆ ಬೇರೆ ಸಂಕೇತಗಳಿಂದ ಎಬ್ಬಿಸಿ ನೋಡಿದರು. ಸೆಕೆಂಡಿಗೆ 520 ಕಂಪನಗಳ, ಹಲವು ಸ್ವರಗಳು ಬೆರೆತ ತಗ್ಗುದನಿಗೆ ನೂರಕ್ಕೆ ಸುಮಾರು ತೊಂಬತ್ತು ಮಂದಿ ಎಚ್ಚತ್ತರು. ಕೀರಲು ದನಿಗೆ ಎಚ್ಚತ್ತವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮಲಗುವ ಕೋಣೆಗಳ ಸೂಚಕಗಳಿಗೆ ತಗ್ಗುದನಿ ಬೇಕೆಂಬ ನಿಯಮವನ್ನು ಅಮೆರಿಕದ ರಾಷ್ಟ್ರೀಯ ಅಗ್ನಿಸೂಚನಾ ಸಂಹಿತೆಯು 2010ರ ಆವೃತ್ತಿಯಲ್ಲಿ ಸೇರಿಸಿಕೊಂಡಿತು.

ಕಿವುಡರಿಗೆ ಬೆಳಕೇ ಸಾಕಲ್ಲವೇ ಎಂದು ಯಾರಿಗಾದರೂ ತೋಚುತ್ತದೆ. ಮಿಂಚಿನಂತೆ ಝಗಝಗಿಸುವ ದೀಪಗಳನ್ನು ಸೂಚಕಗಳಿಗೆ ಜೋಡಿಸುವ ಪದ್ಧತಿ ಇದೆ. ಎಚ್ಚರವಾಗಿರುವವರಿಗೆ ಅದು ಬಹಳ ಉಪಯುಕ್ತ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಬೆಳಕಿಗೆ ಮಾತ್ರವೇ ಎಚ್ಚತ್ತವರು ನಾಲ್ವರಲ್ಲಿ ಒಬ್ಬರಷ್ಟು. ಮುಚ್ಚಿದ ರೆಪ್ಪೆ, ಮಗ್ಗುಲು ತಿರುಗಿದ ಮುಖ, ತಲೆಯವರೆಗೆ ಎಳೆದುಕೊಂಡ ಹೊದಿಕೆ ಇವೆಲ್ಲ ಬೆಳಕಿಗೆ ಅಡ್ಡಿ. ಆದುದರಿಂದ ದೀಪವೊಂದನ್ನೇ ನಂಬಿ ಮಲಗುವುದು ಕ್ಷೇಮವಲ್ಲ.

ಉಳಿದದ್ದು ಮಿನಾಳ ಬೆರಳಿನ ಮಾರ್ಗ. ದಿಂಬಿನ ಕೆಳಗೆ ಅಥವಾ ಹಾಸಿಗೆಯ ಕೆಳಗೆ ಇರಿಸುವ, ಅಂಗೈಯಗಲದ ಒಂದು ಚಪ್ಪಟೆ ಬಿಲ್ಲೆ. ಅದರೊಳಗೆ ಪುಟ್ಟ ಮೋಟಾರು. ಹೊಗೆಸೂಚಕವು ಹೊಗೆಯನ್ನು ಗುರುತಿಸಿದೊಡನೆ ಬಿಲ್ಲೆ ಗಡಗಡನೆ ನಡುಗಿ ಮಲಗಿದವನನ್ನು ಅಲುಗಿಸುತ್ತದೆ. ಒಂದೇ ಸಮನೆ ನಡುಗುವುದಕ್ಕಿಂತ ಬಿಟ್ಟು ಬಿಟ್ಟು ನಡುಗುವಂಥದು ಒಳ್ಳೆಯದು. ಒಂದೇ ಸಮನಾದ ಕಂಪನಕ್ಕೆ ದೇಹವು ಬೇಗ ಒಗ್ಗಿಹೋಗುತ್ತದೆ. ಓಡುವ ರೈಲಿನಲ್ಲಿ ನಾವು ನಿದ್ರಿಸುವುದಿಲ್ಲವೇ? ಏನೂ ಕೇಳದವರಿಗೆ ಬಿಲ್ಲೆಯೇ ಮುಖ್ಯ. ಅಲ್ಪಸ್ವಲ್ಪ ಕೇಳುವವರಿಗೆ ಬಿಲ್ಲೆಯೊಡನೆ ತಗ್ಗುದನಿಯೂ ಇರಬೇಕು. ಎಡಿಸನ್ನನಂಥವನಿಗೆ ಇವೆರಡೂ ಬೇಕಾಗುತ್ತಿದ್ದುವು.

ಕೊಳ್ಳುವವರು ವಿಚಾರಿಸಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಬೆಂಕಿ ಬಿದ್ದಾಗ ಮೊದಲು ಕೈಕೊಡುವುದು ಮನೆಯ ವಿದ್ಯುತ್ತೇ. ಆದ್ದರಿಂದ ಸೂಚಕಕ್ಕೂ ಬಿಲ್ಲೆಗೂ ಬ್ಯಾಟರಿಯ ಆಸರೆ ಇರಬೇಕು. ಅಡಿಗೆಮನೆಯ ಸೂಚಕಕ್ಕೆ ಹೊಗೆ ತಗುಲಿದರೆ ಮಲಗುವ ಕೋಣೆಯ ಬಿಲ್ಲೆಯೂ ನಡುಗುವಂತೆ ಮನೆಯ ಸೂಚಕಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಮಂಚದಲ್ಲಿ ಮಲಗುವವರು ಗಾಢನಿದ್ರೆಯಲ್ಲಿರುವಾಗ ಅದನ್ನು ಒಮ್ಮೆ ನಡೆಸಿ ನೋಡಬೇಕು. ಗುಂಡಿ ಒತ್ತಿದಾಗ ಸದ್ದಾಯಿತೆಂದರೆ ಯಂತ್ರ ಕೆಟ್ಟಿಲ್ಲವೆಂದು ಮಾತ್ರ ತಿಳಿದಂತಾಯಿತು.

ಕಿವಿ ಚೆನ್ನಾಗಿರುವವರಿಗೆ ಈ ಚಿಂತೆ ಇಲ್ಲವೆಂದು ತಿಳಿಯಬಾರದು. ನಿದ್ರೆಯ ಮಾತ್ರೆ ನುಂಗಿದವರೂ ಮದ್ಯ ಸೇವಿಸಿದವರೂ ಮಕ್ಕಳೂ ಕೀರಲು ದನಿಗೆ ಏಳುವುದು ಕಷ್ಟ. ಎಡಿಸನ್ ಹುಟ್ಟಿದ ಓಹಾಯೋ ಪ್ರಾಂತದಲ್ಲಿಯೇ ನಡೆಸಿ 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸಾಧಾರಣ ಸೂಚಕ ಕೂಗಿದರೂ ಮಲಗಿಯೇ ಇದ್ದ ಮಕ್ಕಳು ಅನೇಕರಿದ್ದರು. ಹೆಸರು ಹಿಡಿದು ಕರೆಯುವ ತಾಯಿಯ ಧ್ವನಿಮುದ್ರಿಕೆಗೆ ಹೆಚ್ಚುಕಡಿಮೆ ಎಲ್ಲರೂ ಎದ್ದರು. ಜಪಾನಿನವರು ಇನ್ನೊಂದು ದಾರಿ ಹಿಡಿದು, ವಾಸಾಬಿ ಎಂಬ ಸಾಸಿವೆಯಂಥ ಖಾರದ ಬೇರಿನ ಘಾಟನ್ನು ಗಾಳಿಗೆ ಚಿಮ್ಮಿಸಿ ಕಿವುಡರನ್ನು ಎಬ್ಬಿಸುವ ಸೂಚಕವನ್ನು ರಚಿಸಿದರು. ನಗಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಅದಕ್ಕೆ 2011ರಲ್ಲಿ ಬಂದಿತು. ನಗು ಬಂದರೂ ಅದರ ಹಿಂದಿನ ಯೋಚನೆ ಸರಿಯಾಗಿಯೇ ಇದೆ. ವಾಸನೆಗೆ ಏಳದ ಮೂಗು ಘಾಟಿಗೆ ಏಳುತ್ತದೆ. ಘಾಟು ಚುಚ್ಚುವುದು ವಾಸನೆಯ ನರವನ್ನಲ್ಲ, ನೋವಿನ ನರವನ್ನು.

ಎಡಿಸನ್ನನಿಗೆ ವಯಸ್ಸಾದಂತೆ ಕಿವುಡುತನವೂ ಹೆಚ್ಚಿತು. ಶಸ್ತ್ರಚಿಕಿತ್ಸೆಯಿಂದ ಕಿವಿ ಸುಧಾರಿಸಬಹುದೆಂದು ವೈದ್ಯರು ಸೂಚಿಸಿದಾಗ ಅವನು ಒಪ್ಪಲಿಲ್ಲ. ಹರಟೆಯ ಕಾಟವಿಲ್ಲದೆ ಯೋಚಿಸುವ ಅನುಕೂಲವನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ತಾನು ತಯಾರಿಸಿದ ಯಂತ್ರಗಳಿಂದ ಲೋಕವೆಲ್ಲ ಹಾಡು ಕೇಳುತ್ತಿದ್ದ ಕಾಲದಲ್ಲಿ ಅವನು ಮರವನ್ನು ಕಚ್ಚಿ ಹಿಡಿದೇ ಕೇಳುತ್ತಿದ್ದನು. 1931ರ ಅಕ್ಟೋಬರ್ 18ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ವೆಸ್ಟ್ ಆರೆಂಜಿನ ತನ್ನ ಮನೆಯಲ್ಲಿ ತೀರಿಕೊಂಡನು. ಅವನ ಪ್ರಯೋಗಶಾಲೆಯನ್ನು ಅಮೆರಿಕ ಸರ್ಕಾರವು ರಾಷ್ಟ್ರೀಯ ಸ್ಮಾರಕವಾಗಿ ಉಳಿಸಿಕೊಂಡಿದೆ. ಗ್ರಂಥಾಲಯದ ಮೂಲೆಯಲ್ಲಿ, ಪುಸ್ತಕಗಳ ಕಪಾಟುಗಳ ನಡುವೆ, ಮಿನಾ ಹಾಕಿಸಿದ ಆ ಮಂಚವಿದೆ.